ವೇಲ್ಸ್‌ನ ಗಣಿ ಊರುಗಳಿಗೆ ಹೋಗುವವರಿಗೆ: ಮ್ಯಾಚ್ ದಿನ ತಪ್ಪಿಸಿ, ಮಾತಾಡುವವರನ್ನು ಹುಡುಕಿ

ವೇಲ್ಸ್‌ನ ರಾಜಧಾನಿ ಕ್ಯಾರ್ಡಿಫ್‌ನಲ್ಲಿ ರೂಮು ಬುಕ್ ಮಾಡುವ ಮುಂಚೆ ಒಂದು ಕೆಲಸ ಮಾಡಿ. ಆ ವಾರ ಅಲ್ಲಿನ ಸ್ಟೇಡಿಯಂನಲ್ಲಿ ರಗ್ಬಿ ಮ್ಯಾಚ್ ಇದೆಯಾ, ದೊಡ್ಡ ಸಂಗೀತ ಕಾರ್ಯಕ್ರಮ ಇದೆಯಾ ನೋಡಿಕೊಳ್ಳಿ. ಆ ಸ್ಟೇಡಿಯಂ ಊರಾಚೆ ಎಲ್ಲೋ ಇಲ್ಲ, ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಇದೆ. 70 ಸಾವಿರಕ್ಕಿಂತ ಜಾಸ್ತಿ ಜನ ಹಿಡಿಸುತ್ತದೆ. ಮ್ಯಾಚ್ ದಿನ ಊರಿಗೆ ಊರೇ ಕೆಂಪು ಜೆರ್ಸಿ ಹಾಕಿಕೊಂಡು ಬೀದಿಗೆ ಬರುತ್ತದೆ, ರೂಮಿನ ಬಾಡಿಗೆ ಎರಡು ಪಟ್ಟು, ಮೂರು ಪಟ್ಟು ಏರುತ್ತದೆ.

ನಾವು ಬಹಳ ಮುಂಚೆಯೇ ಬುಕ್ ಮಾಡಿದ್ದೆವು, ದುಡ್ಡೂ ಕಟ್ಟಿದ್ದೆವು. ಹೊರಡುವ ವಾರ ಒಂದು ಮೇಲ್ ಬಂತು. ದರ ತಪ್ಪಾಗಿ ಹಾಕಿದ್ದರಂತೆ, ಹೊಸ ದರಕ್ಕೆ ಒಪ್ಪಿದರೆ ರೂಮು, ಇಲ್ಲದಿದ್ದರೆ ಹಣ ವಾಪಸ್. ಆ ಹೊತ್ತಿಗೆ ಊರಲ್ಲಿ ಬೇರೆ ರೂಮು ಎಲ್ಲಿ ಸಿಗಬೇಕು? ಒಪ್ಪಿಕೊಂಡೆವು. ಹೋಗಿ ನೋಡಿದರೆ ಕಿಟಕಿ ತೆರೆದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು, ಮುಚ್ಚಿದರೆ ಉಸಿರು ಕಟ್ಟುತ್ತದೆ. ಕೆಳಗೆ ಬೀದಿಯಲ್ಲಿ ಬೆಳಗಿನ ಜಾವದವರೆಗೂ ಹಾಡು. ಹಾಡಿಗೆ ನನ್ನ ತಕರಾರಿಲ್ಲ, ಆ ಜನ ಹಾಡುವುದು ಚೆನ್ನಾಗಿಯೇ ಇರುತ್ತದೆ. ಆದರೆ ಬುಕಿಂಗ್ ಖಾತ್ರಿಯಾದ ಮೇಲೆ ದರ ಏರಿಸುವುದು ಮೋಸ. ಮೇಲ್‌ಗಳನ್ನೆಲ್ಲ ಇಟ್ಟುಕೊಳ್ಳಿ, ಸುಲಭಕ್ಕೆ ಬಿಡಬೇಡಿ. ನಮ್ಮ ಅಕ್ಕನ ಮಗ ಅಲ್ಲೇ ಓದುತ್ತಿದ್ದಾನೆ, ಅವನು ಹಿಂದೆ ಬಿದ್ದು ಕೇಳಿ ಕೇಳಿ ಸ್ವಲ್ಪ ಹಣ ವಾಪಸ್ ತರಿಸಿದ.

ಮಾರನೇ ದಿನವೇ ಗಂಟುಮೂಟೆ ಕಟ್ಟಿಕೊಂಡು ಪಾಂಟಿಪ್ರಿಡ್‌ಗೆ ಹೋದೆವು. ಗಣಿ ಊರುಗಳನ್ನು ನೋಡಲು ಬರುವವರಿಗೆ ನನ್ನ ಸಲಹೆ ಅದೇ, ಅಲ್ಲೇ ಉಳಿಯಿರಿ. ಕ್ಯಾರ್ಡಿಫ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ. ರೈಲು ದಾರಿ ಅಲ್ಲಿಂದ ಮುಂದಕ್ಕೆ ಕವಲೊಡೆಯುತ್ತದೆ: ಒಂದು ಮರ್ಥರ್ ಟಿಡ್ವಿಲ್‌ಗೆ, ಒಂದು ಅಬರ್‌ಡೇರ್‌ಗೆ, ಒಂದು ರೊಂದಾ ಕಣಿವೆಯ ತುದಿಯ ಟ್ರೆಹರ್ಬರ್ಟ್‌ಗೆ. ಬೆಳಿಗ್ಗೆ ಎದ್ದು ಯಾವ ಕಣಿವೆ ಅಂತ ನಿರ್ಧಾರ ಮಾಡಿದರೆ ಸಾಕು. ರೂಮು ಅಗ್ಗ, ಮನೆಯವರು ಮಾತಾಡಿಸುತ್ತಾರೆ, ರಾತ್ರಿ ಸದ್ದಿಲ್ಲ.

ಈ ಊರುಗಳಿಗೇ ಯಾಕೆ ಹೋದೆ ಅಂತ ಕೇಳಬಹುದು. ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಕೆಲಸಕ್ಕಿದ್ದರು. 1880ರಲ್ಲಿ ಆ ಗಣಿಗಳನ್ನು ಹಿಡಿದ ಜಾನ್ ಟೇಲರ್ ಅಂಡ್ ಸನ್ಸ್ ಇಂಗ್ಲೆಂಡಿನ ಕಂಪನಿ. ಜೊತೆಗೆ ಬಂದ ಬಿಳಿ ಗಣಿಗಾರರಲ್ಲಿ ಬಹಳ ಮಂದಿ ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲಿನವರು. ಸೈರನ್ನು, ಶಿಫ್ಟು, ಗಣಿಗೆ ಇಳಿಸುವ ಕೇಜು, ಸಾಲು ಮನೆ ಎಲ್ಲ ಅಲ್ಲಿಂದಲೇ ನಮ್ಮೂರಿಗೆ ಬಂದದ್ದು. 2001ರ ಫೆಬ್ರವರಿ 28ಕ್ಕೆ ನಮ್ಮ ಗಣಿ ಮುಚ್ಚಿತು. ಗಣಿ ಮುಚ್ಚಿದ ಮೇಲೆ ಬ್ರಿಟನ್ನಿನ ಗಣಿ ಊರುಗಳು ಏನಾದವು, ತಮ್ಮ ಕತೆಯನ್ನು ಹೇಗೆ ಉಳಿಸಿಕೊಂಡವು ಅಂತ ನೋಡುವ ಆಸೆ ನನಗೆ ಬಹಳ ವರ್ಷದಿಂದ ಇತ್ತು. ಕೋಟೆ, ಅರಮನೆ ಬೇಕಾದವರಿಗೆ ಈ ಬರಹದಲ್ಲಿ ಏನೂ ಇಲ್ಲ. ಕ್ಯಾರ್ಡಿಫ್ ಕೋಟೆಯನ್ನು ನಾನು ಹೊರಗಿನಿಂದ ನೋಡಿದ್ದಷ್ಟೇ.

ಒಂದೇ ಜಾಗ ನೋಡಲು ಸಮಯ ಇದ್ದರೆ ಬ್ಲೈನಾವನ್‌ನ ಬಿಗ್ ಪಿಟ್‌ಗೆ ಹೋಗಿ. 1980ರಲ್ಲಿ ಮುಚ್ಚಿದ ಕಲ್ಲಿದ್ದಲು ಗಣಿ ಅದು. 1983ರಲ್ಲಿ ಜನ ನೋಡಲು ತೆರೆದರು. ಈಗ ರಾಷ್ಟ್ರೀಯ ಕಲ್ಲಿದ್ದಲು ಮ್ಯೂಸಿಯಂ. ಊರು, ಹಳೆಯ ಕಬ್ಬಿಣದ ಕಾರ್ಖಾನೆ, ಸುತ್ತಲಿನ ಗುಡ್ಡ ಎಲ್ಲ ಸೇರಿ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಇಲ್ಲಿ ನಿಜವಾದ ಶಾಫ್ಟ್‌ನಲ್ಲಿ, ಅಂದರೆ ಗಣಿಯ ನೇರ ಬಾವಿಯಲ್ಲಿ, ನಿಜವಾದ ಕೇಜ್‌ನಲ್ಲಿ 90 ಮೀಟರ್ ಕೆಳಗೆ ಇಳಿಸುತ್ತಾರೆ. ಕರೆದುಕೊಂಡು ಹೋಗುವವರು ಗಣಿಯಲ್ಲಿ ದುಡಿದವರೇ.

ಇಳಿಯುವ ಮುಂಚೆ ಫೋನು, ವಾಚು, ಕಾರಿನ ಕೀ, ಬ್ಯಾಟರಿ ಇರುವ ಎಲ್ಲವನ್ನೂ ಕೊಟ್ಟುಬಿಡಬೇಕು. ಕಿಡಿ ಹಾರಬಹುದಾದ ಯಾವ ವಸ್ತುವೂ ಕೆಳಗೆ ಹೋಗುವಂತಿಲ್ಲ. ನಿಯಮ ತೋರಿಕೆಗಲ್ಲ, ಹುಡುಕಿ ಕೇಳುತ್ತಾರೆ. ಆಮೇಲೆ ಹೆಲ್ಮೆಟ್ಟು, ತಲೆದೀಪ, ಸೊಂಟಕ್ಕೆ ಭಾರದ ಬೆಲ್ಟು. ದೀಪದ ಬ್ಯಾಟರಿ, ಗ್ಯಾಸ್ ಬಂದರೆ ಉಸಿರಾಡಲು ಬೇಕಾದ ಡಬ್ಬ ಎರಡೂ ಆ ಬೆಲ್ಟಿನಲ್ಲೇ. ಮಂಡಿನೋವು ಇದ್ದವರು ಯೋಚನೆ ಮಾಡಿ, ಕೆಲವು ಕಡೆ ಛಾವಣಿ ತೀರಾ ತಗ್ಗು, ಬಗ್ಗಿಕೊಂಡೇ ನಡೆಯಬೇಕು. ಸ್ವೆಟರ್ ಬೇಕೇ ಬೇಕು, ಕೆಳಗೆ ಬೇಸಿಗೆಯಲ್ಲೂ ಚಳಿ.

ಅಪ್ಪ ವರ್ಷಗಟ್ಟಲೆ ಇಳಿದ ಗಣಿಗೆ ನಾನು ಒಮ್ಮೆಯೂ ಇಳಿದವಳಲ್ಲ. ನಮ್ಮಲ್ಲಿ 1952ರ ಗಣಿ ಕಾಯ್ದೆಯ ಪ್ರಕಾರ ಹೆಂಗಸರಿಗೆ ಭೂಮಿಯೊಳಗೆ ಕೆಲಸ ಇರಲಿಲ್ಲ, ಮನೆಯ ಹೆಣ್ಣುಮಕ್ಕಳು ಸುಮ್ನೆ ನೋಡಿ ಬರುವ ಮಾತಂತೂ ದೂರವೇ ಉಳಿಯಿತು. ಹಾಗಾಗಿ ಗಣಿ ಕಾರ್ಮಿಕನ ಮಗಳು ಮೊದಲ ಸಲ ಕೇಜ್ ಹತ್ತಿದ್ದು ವೇಲ್ಸ್‌ನಲ್ಲಿ. ಬಾಗಿಲು ಎಳೆದು ಗಂಟೆ ಬಾರಿಸಿದಾಗ ಅಕ್ಕನ ಮಗ "ಚಿಕ್ಕಮ್ಮ, ಕೈ ಹಿಡ್ಕೊಳ್ಳಿ" ಅಂದ. ಹಿಡಿದುಕೊಂಡೆ.

ಕೆಳಗೆ ಒಂದು ಮರದ ಬಾಗಿಲ ಹತ್ತಿರ ಗೈಡ್ ಎಲ್ಲರನ್ನೂ ನಿಲ್ಲಿಸಿದರು. ಗಣಿಯಲ್ಲಿ ಗಾಳಿ ಸರಿಯಾದ ದಾರಿಯಲ್ಲೇ ಹರಿಯಬೇಕು, ಅದಕ್ಕೆ ಅಲ್ಲಲ್ಲಿ ಬಾಗಿಲು. ಇದ್ದಿಲಿನ ಗಾಡಿ ಬಂದಾಗ ತೆರೆಯಬೇಕು, ಹೋದ ಮೇಲೆ ಮುಚ್ಚಬೇಕು. 1842ಕ್ಕೆ ಮುಂಚೆ ಆ ಕೆಲಸ ಮಕ್ಕಳದು. ನಮ್ಮ ಗುಂಪಿನಲ್ಲಿದ್ದ ಒಬ್ಬ ಪುಟ್ಟ ಹುಡುಗನ ಕೈಗೆ ಬಾಗಿಲ ಹಗ್ಗ ಕೊಟ್ಟು, ಎಲ್ಲರೂ ದೀಪ ಆರಿಸಿ ಅಂದರು. ಮುಖದ ಮುಂದೆ ಹಿಡಿದ ನನ್ನ ಕೈ ನನಗೇ ಕಾಣಲಿಲ್ಲ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆ ಹುಡುಗ ಮೆಲ್ಲಗೆ ಅಮ್ಮನನ್ನು ಕರೆದ. ಗೈಡ್ ಕೂಡಲೇ ದೀಪ ಹಾಕಿ, ನಿನ್ನ ವಯಸ್ಸಿನವರು ಹೀಗೆ 12 ಗಂಟೆ ಕೂರುತ್ತಿದ್ದರು ಕಣೋ ಅಂದರು.

ಇದು ಕಟ್ಟುಕತೆಯಲ್ಲ. 1842ರಲ್ಲಿ ಪ್ರಕಟವಾದ ಸರ್ಕಾರಿ ವಿಚಾರಣೆಯ ವರದಿಯಲ್ಲಿ ಮಕ್ಕಳ ಹೇಳಿಕೆಗಳೇ ಇವೆ. ಮರ್ಥರ್‌ನ ಪ್ಲಿಮತ್ ಗಣಿಯಲ್ಲಿ ಬಾಗಿಲು ಕಾಯುತ್ತಿದ್ದ ಸೂಸನ್ ರೀಸ್ ಎಂಬ 6 ವರ್ಷದ ಹುಡುಗಿ, ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಆರಕ್ಕೆ ಹೋಗುತ್ತೇನೆ, ದೀಪ ಆರಿದರೆ, ಹಸಿವಾದರೆ ಮನೆಗೆ ಓಡಿಹೋಗುತ್ತೇನೆ ಎಂದು ಹೇಳಿದ್ದಾಳೆ. ಅದೇ ವರ್ಷ ಕಾಯ್ದೆ ಬಂತು. ಹೆಂಗಸರು, ಹುಡುಗಿಯರು, 10 ವರ್ಷದೊಳಗಿನ ಹುಡುಗರು ಗಣಿಯೊಳಗೆ ಕೆಲಸ ಮಾಡುವಂತಿಲ್ಲ ಅಂತ ಆಯಿತು. ಹತ್ತು ತುಂಬಿದ ಹುಡುಗ ಇಳಿಯಬಹುದಿತ್ತು, ಅದನ್ನೂ ನೆನಪಿಡಿ.

ಕೆಳಗೆ ಕುದುರೆ ಲಾಯವೂ ಇದೆ. ಒಂದೊಂದು ಕುದುರೆ ನಿಲ್ಲುತ್ತಿದ್ದ ಜಾಗದ ಮೇಲೆ ಅದರ ಹೆಸರಿನ ಹಲಗೆ. ಗಾಡಿಗಳ ಕೊಂಡಿ ಬೀಳುವ ಸದ್ದನ್ನು ಕುದುರೆ ಎಣಿಸುತ್ತಿತ್ತಂತೆ, ಒಂದು ಗಾಡಿ ಜಾಸ್ತಿ ಕಟ್ಟಿದರೂ ಹೆಜ್ಜೆ ಎತ್ತುತ್ತಿರಲಿಲ್ಲವಂತೆ. ವರ್ಷಕ್ಕೊಮ್ಮೆ ಬೇಸಿಗೆ ರಜೆಯಲ್ಲಿ ಅವನ್ನು ಮೇಲೆ ತಂದು ಹುಲ್ಲುಗಾವಲಿಗೆ ಬಿಡುತ್ತಿದ್ದರು. ಕುದುರೆಗಳು ಮೇಲೆ ಬರುವ ದಿನ ಊರ ಮಕ್ಕಳೆಲ್ಲ ಬೇಲಿಯ ಹತ್ತಿರ ಸೇರುತ್ತಿದ್ದೆವು ಎಂದು ಗೈಡ್ ತಮ್ಮ ಬಾಲ್ಯದ ಮಾತು ಹೇಳಿದರು.

ಮೇಲೆ ಬಂದ ಮೇಲೆ ಅವರ ಹತ್ತಿರ ಕೆಜಿಎಫ್ ವಿಷಯ ತೆಗೆದೆ. ಆಳ ಎಷ್ಟು ಅಂದರು. ಮೂರು ಕಿಲೋಮೀಟರಿಗಿಂತ ಜಾಸ್ತಿ ಅಂದೆ. ಅವರು ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡರು. ಅಷ್ಟು ಕೆಳಗೆ ಬಂಡೆ ಮುಟ್ಟಿದರೆ ಕೈ ಸುಡುತ್ತದೆ ಅಂತ ಅಪ್ಪ ಹೇಳುತ್ತಿದ್ದರು ಅಂದಾಗ ಪಕ್ಕದಲ್ಲಿದ್ದ ಇನ್ನಿಬ್ಬರು ಗೈಡ್‌ಗಳನ್ನೂ ಕರೆದರು. ಮುಂದಿನ ಗುಂಪು ಬರುವವರೆಗೂ ನಾವು ಅಲ್ಲೇ ನಿಂತು ಮಾತಾಡಿದೆವು. ರಾಕ್‌ಬರ್ಸ್ಟ್ ಆದಾಗ, ಅಂದರೆ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದಾಗ, ಮನೆಯ ಪಾತ್ರೆಗಳು ಅಲುಗುತ್ತಿದ್ದುದನ್ನು ಹೇಳಿದೆ. ಅವರಿಗೆ ಗ್ಯಾಸ್ ಭಯ, ನಮಗೆ ಬಂಡೆಯ ಭಯ.

ಈ ಬರಹ ಬರೆಯಲು ಮುಖ್ಯ ಕಾರಣ ಇದೇ. ವೇಲ್ಸ್‌ನ ಗಣಿಗಳು ಬಹುತೇಕ 1980ರ ದಶಕದಲ್ಲಿ, 1984-85ರ ದೊಡ್ಡ ಮುಷ್ಕರದ ಆಚೀಚೆ ಮುಚ್ಚಿದವು. ಕಾರ್ಮಿಕರೇ ತಮ್ಮ ದುಡ್ಡು ಹಾಕಿ 1995ರಲ್ಲಿ ಕೊಂಡುಕೊಂಡ ಟವರ್ ಗಣಿಯೂ 2008ಕ್ಕೆ ನಿಂತಿತು. ಹಾಗಾದರೆ ಗಣಿಯಲ್ಲಿ ನಿಜವಾಗಿ ದುಡಿದ ಗೈಡ್‌ಗಳ ವಯಸ್ಸು ಈಗ ಎಷ್ಟಿರಬಹುದು ಲೆಕ್ಕ ಹಾಕಿ. ಇನ್ನು ಕೆಲವು ವರ್ಷ ಕಳೆದರೆ ಅದೇ ಕೇಜು, ಅದೇ ಸುರಂಗ ಇರುತ್ತದೆ, ಕತೆಯನ್ನು ಓದಿ ಕಲಿತವರು ಹೇಳುತ್ತಾರೆ. ಹೋಗುವ ಮನಸ್ಸಿದ್ದರೆ ಮುಂದೂಡಬೇಡಿ.

ಸ್ನಾನದ ಮನೆಯನ್ನು ಬಿಡದೆ ನೋಡಿ. 1939ರಲ್ಲಿ ಕಟ್ಟಿದ್ದು. ಅದಕ್ಕೆ ಮುಂಚೆ ಗಂಡಸರು ಮಸಿ ಮೆತ್ತಿಕೊಂಡೇ ಮನೆಗೆ ಬಂದು, ಒಲೆಯ ಮುಂದೆ ತಗಡಿನ ತೊಟ್ಟಿಯಲ್ಲಿ ಸ್ನಾನ ಮಾಡುತ್ತಿದ್ದರು. ನೀರು ಕಾಯಿಸಿ ಎತ್ತಿ ಹೊಯ್ದು ಹೆಂಗಸರ ಸೊಂಟ ಬೀಳುತ್ತಿತ್ತು. ಗಣಿಯಲ್ಲೇ ಸ್ನಾನ ಬಂದದ್ದರಿಂದ ಜಾಸ್ತಿ ಉಪಕಾರ ಆದದ್ದು ಮನೆಯ ಹೆಂಗಸರಿಗೆ.

ಈಗ ಬಸ್ಸಿನ ವಿಷಯ. ಬ್ಲೈನಾವನ್‌ಗೆ ಮಾಮೂಲಿ ಪ್ರಯಾಣಿಕರ ರೈಲಿಲ್ಲ. ನ್ಯೂಪೋರ್ಟ್‌ವರೆಗೆ ರೈಲು, ಅಲ್ಲಿಂದ ಬಸ್ಸು, ಬಸ್ಸಿನಲ್ಲೇ ಸುಮಾರು ಒಂದು ಗಂಟೆ. ಊರಲ್ಲಿ ಇಳಿದ ಮೇಲೆ ಗಣಿಯವರೆಗೆ ಏರು ನಡಿಗೆ. ಹೋಗುವಾಗ ತೊಂದರೆ ಇಲ್ಲ. ಬರುವಾಗ ನಾವು ನಿಂತ ಸ್ಟಾಪಿನಲ್ಲಿ ಫೋನಿನ ಆ್ಯಪ್ "5 ನಿಮಿಷ" ಅಂತ ತೋರಿಸಿತು, "2 ನಿಮಿಷ" ಅಂತ ತೋರಿಸಿತು, ಆಮೇಲೆ ಬಸ್ಸೇ ಪರದೆಯಿಂದ ಮಾಯ. ಗುಡ್ಡದ ಊರು, ಮಳೆ ಅಡ್ಡಡ್ಡ ಹೊಡೆಯುತ್ತಿತ್ತು, ಸ್ಟಾಪಿನ ತಗಡು ಒಂದೇ ಬದಿಗೆ. ಮುಂದಿನ ಬಸ್ಸು ಬಂದಾಗ ಒಳಗೆ ಕಾಲಿಡಲು ಜಾಗ ಇರಲಿಲ್ಲ, ಡ್ರೈವರ್ ನಿಲ್ಲಿಸದೆ ಕೈ ಆಡಿಸಿ ಹೋದ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಅಜ್ಜಿ, ವಾರಕ್ಕೊಂದು ಸಲವಾದರೂ ಹೀಗೇ, ದೂರು ಬರೆದೂ ಬರೆದೂ ಸಾಕಾಯಿತು ಅಂದರು. ನಾವು ಟ್ಯಾಕ್ಸಿ ಮಾಡಿದೆವು, ಅವರನ್ನೂ ಹತ್ತಿಸಿಕೊಂಡೆವು. ಆ ಟ್ಯಾಕ್ಸಿಯ ದುಡ್ಡಿನಲ್ಲಿ ಮೂವರು ಎರಡು ದಿನ ಊಟ ಮಾಡಬಹುದಿತ್ತು. ಭಾನುವಾರ ಬಸ್ಸು ಇನ್ನೂ ಕಡಿಮೆ, ಹಾಗಾಗಿ ಭಾನುವಾರ ಬೇಡ. ಮೂರು ನಾಲ್ಕು ಜನ ಇದ್ದರೆ ಆ ಒಂದು ದಿನಕ್ಕೆ ಬಾಡಿಗೆ ಕಾರು ತಗೊಳ್ಳಿ.

ಊಟದ ವಿಷಯಕ್ಕೆ ಬರುತ್ತೇನೆ, ಇದನ್ನು ಚುಟುಕಾಗಿ ಹೇಳಲಾರೆ. ಕಣಿವೆಯ ಊರುಗಳ ಹೈ ಸ್ಟ್ರೀಟ್‌ನಲ್ಲಿ ಇಟಾಲಿಯನ್ ಮನೆತನದ ಹೆಸರಿರುವ ಹಳೆಯ ಕೆಫೆ ಕಂಡರೆ ಸೀದಾ ಒಳಗೆ ಹೋಗಿ. ಇಟಲಿಯ ಬಾರ್ಡಿ ಎಂಬ ಗುಡ್ಡದೂರಿನಿಂದ 19ನೇ ಶತಮಾನದ ಕೊನೆಯಲ್ಲಿ ಜನ ವೇಲ್ಸ್‌ಗೆ ಬಂದು ಗಣಿ ಊರುಗಳಲ್ಲಿ ಕೆಫೆ, ಐಸ್‌ಕ್ರೀಂ ಅಂಗಡಿ ಇಟ್ಟರು. ಮೊದಲು ಬಂದವರ ಪೈಕಿ ಬ್ರಾಕಿ ಮನೆತನದವರ ಹೆಸರೇ ನಿಂತು, ಇಂಥ ಎಲ್ಲ ಕೆಫೆಗಳಿಗೂ ಜನ ಬ್ರಾಕಿ ಅಂತಲೇ ಕರೆದರು. ಕುಡಿಯದವರು, ಹೆಂಗಸರು, ಮಕ್ಕಳು ಹೋಗಿ ಕೂರುತ್ತಿದ್ದ ಜಾಗ ಅದು.

ರೊಂದಾದಲ್ಲಿ ನಾವು ಹೊಕ್ಕ ಕೆಫೆಯಲ್ಲಿ ಎತ್ತರದ ಬೆನ್ನಿನ ಮರದ ಬೆಂಚುಗಳು, ಗೋಡೆಯ ಮೇಲೆ ಹಳೇ ಫೋಟೋ, ಗಾಜಿನ ಭರಣಿಯಲ್ಲಿ ಪೆಪ್ಪರ್‌ಮಿಂಟು. ಬೀನ್ಸ್ ಹಾಕಿದ ಟೋಸ್ಟು, ಮೇಲೆ ತುರಿದ ಚೀಸು, ಜೊತೆಗೆ ದೊಡ್ಡ ಮಗ್ಗಿನಲ್ಲಿ ಟೀ. ನಮ್ಮ ಕಡೆಯ ಹಾಗೆ ಗಟ್ಟಿ ಟೀ. ಕ್ಯಾರ್ಡಿಫ್‌ನಲ್ಲಿ ಒಬ್ಬರ ತಿಂಡಿಗೆ ಕೊಟ್ಟ ದುಡ್ಡಿನಲ್ಲಿ ಇಲ್ಲಿ ಇಬ್ಬರ ಹೊಟ್ಟೆ ತುಂಬಿತು. ಟೋಸ್ಟಿಗೆ ಬೆಣ್ಣೆ ಅಂಚಿನವರೆಗೂ ಸವರಿದ್ದರು. ಟೀ ಮುಗಿಯುತ್ತಿದ್ದಂತೆ ಕೇಳದೆಯೇ ಮತ್ತೆ ತುಂಬಿಸಿದರು, ಅದಕ್ಕೆ ಬಿಲ್ ಹಾಕಲಿಲ್ಲ. ಹೆಂಚಿನ ಮೇಲೆ ಪುಟ್ಟ ಹೋಳಿಗೆಯ ಹಾಗೆ ಬೇಯಿಸುವ ವೆಲ್ಷ್ ಕೇಕ್, ಒಣದ್ರಾಕ್ಷಿ ಹಾಕಿ ಮೇಲೆ ಸಕ್ಕರೆ ಉದುರಿಸಿದ್ದು, ಬಿಸಿಬಿಸಿ ತಂದಿಟ್ಟರು. ಶಾಕಾಹಾರಿಗಳು ಒಂದು ಮಾತು ಕೇಳಿಕೊಳ್ಳಿ, ಮೊಟ್ಟೆ ಇರುತ್ತದೆ, ಕೆಲವರು ಬೆಣ್ಣೆಯ ಬದಲು ಹಂದಿಕೊಬ್ಬು ಹಾಕುತ್ತಾರೆ. ಇವರು ಬೆಣ್ಣೆಯೇ ಹಾಕುವುದು, ಪೊಟ್ಟಣ ತಂದು ತೋರಿಸಿದರು. ನಾವು ಮರುದಿನವೂ ಅಲ್ಲಿಗೇ ಹೋದೆವು, ಅದರ ಮರುದಿನವೂ.

ಇಂಥ ಕೆಫೆಗಳಿಗೂ ನೋವಿನ ಚರಿತ್ರೆ ಇದೆ. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿದಾಗ, ದಶಕಗಟ್ಟಲೆ ಇದೇ ಊರುಗಳಲ್ಲಿ ಟೀ ಕೊಟ್ಟ ಗಂಡಸರನ್ನು ಶತ್ರು ದೇಶದವರೆಂದು ಹಿಡಿದುಕೊಂಡು ಹೋದರು. ಅಂಥವರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಾಂಡೋರಾ ಸ್ಟಾರ್ ಹಡಗನ್ನು ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿ ಮುಳುಗಿಸಿತು. ನೂರಾರು ಇಟಾಲಿಯನ್ನರು ಸತ್ತರು, ವೇಲ್ಸ್‌ನಲ್ಲಿ ನೆಲೆಸಿದ್ದವರೇ 53 ಮಂದಿ. ಕೆಫೆಯಲ್ಲಿ ಹಳೇ ಫೋಟೋಗಳ ಬಗ್ಗೆ ಕೇಳುವಾಗ ಇದು ಮನಸ್ಸಿನಲ್ಲಿರಲಿ.

ಪಕ್ಕದ ಮೇಜಿನಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ. ಅವರೇ ಮಾತು ಶುರು ಮಾಡಿದರು. ನನ್ನ ಅಪ್ಪನೂ ಗಣಿಯವರು ಅಂದದ್ದೇ ತಡ, ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಗಣಿಯವರ ಮನೆಗೆ ಕಂಪನಿಯ ಇದ್ದಿಲು ಸಿಗುತ್ತಿತ್ತು. ಲಾರಿ ಬಂದು ಮನೆ ಮುಂದಿನ ಬೀದಿಯಲ್ಲೇ ರಾಶಿ ಸುರಿದು ಹೋಗುತ್ತಿತ್ತು. ಸ್ಕೂಲಿಂದ ಬಂದ ಮಕ್ಕಳು ಕತ್ತಲಾಗುವುದರೊಳಗೆ ಅದನ್ನು ಬಕೆಟ್ಟಿನಲ್ಲಿ ಹಿತ್ತಲಿಗೆ ಹೊತ್ತು ಹಾಕಬೇಕು, ಆಮೇಲೆ ಬೀದಿ ಗುಡಿಸಿ ತೊಳೆಯಬೇಕು. ಯಾರ ಮನೆ ಮುಂದಿನ ರಾಶಿ ಜಾಸ್ತಿ ಹೊತ್ತು ಉಳಿಯಿತೋ ಆ ಮನೆಯ ಹೆಂಗಸಿಗೆ ಬೀದಿಯಲ್ಲಿ ಮರ್ಯಾದೆ ಕಡಿಮೆ. ಪಕ್ಕದ ಮನೆಯ ಗಂಡಸಿಗೆ ಇದ್ದಿಲ ದೂಳಿನಿಂದ ಎದೆರೋಗ. ಅವರ ಕೆಮ್ಮು ಗೋಡೆಯಾಚೆ ಕೇಳುತ್ತಿತ್ತು, ಅವರ ಮನೆಯ ಇದ್ದಿಲನ್ನು ಬೀದಿಯ ಮಕ್ಕಳೇ ಒಳಗೆ ಹಾಕುತ್ತಿದ್ದರು, ಯಾರೂ ಹೇಳಬೇಕಾಗಿರಲಿಲ್ಲ. ಬೇಸಿಗೆಯಲ್ಲಿ ಗಣಿಗಳಿಗೆಲ್ಲ ಒಟ್ಟಿಗೆ ಎರಡು ವಾರ ರಜೆ, ಆಗ ಇಡೀ ಬೀದಿ ಪೋರ್ಥ್‌ಕಾಲ್ ಸಮುದ್ರತೀರಕ್ಕೆ ಹೋಗುತ್ತಿತ್ತು. ಅಲ್ಲೂ ಅದೇ ಅಕ್ಕಪಕ್ಕದ ಮನೆಯವರೇ ಅಕ್ಕಪಕ್ಕ.

ಕೇಳುವಾಗ ಒಂದು ಎಚ್ಚರ. ಕಷ್ಟ ಇತ್ತಾ, ಬಡತನ ಇತ್ತಾ ಅಂತ ಶುರು ಮಾಡಬೇಡಿ. ಸ್ಕೂಲಿಗೆ ಹೇಗೆ ಹೋಗುತ್ತಿದ್ದಿರಿ, ಶನಿವಾರ ಏನು ಮಾಡುತ್ತಿದ್ದಿರಿ, ಮನೆಗೆ ಇದ್ದಿಲು ಹೇಗೆ ಬರುತ್ತಿತ್ತು ಅಂತ ಕೇಳಿ. ಮಾತು ತಾನೇ ಬರುತ್ತದೆ. ಫೋನ್ ಹಿಡಿದು ರೆಕಾರ್ಡ್ ಮಾಡುವ ಮುಂಚೆ ಅನುಮತಿ ಕೇಳಿ. ನಿಮ್ಮ ಕಡೆಯ ಕತೆಯನ್ನೂ ಹೇಳಿ, ಸುಮ್ನೆ ಕೇಳಿಸಿಕೊಂಡು ಎದ್ದು ಬರುವುದು ಸರಿಯಲ್ಲ ಅಲ್ವಾ.

ಅಬರ್‌ವಾನ್‌ಗೆ ಹೋಗಬೇಕೋ ಬೇಡವೋ ಅಂತ ನಾನು ಬಹಳ ಯೋಚಿಸಿದೆ. ಅದು ನೋಡುವ ಜಾಗವಲ್ಲ, ಜನ ಬದುಕುತ್ತಿರುವ ಊರು. ಮರ್ಥರ್ ವೇಲ್ ಸ್ಟೇಷನ್‌ನಲ್ಲಿ ಇಳಿದು ಟಾಫ್ ನದಿ ದಾಟಿ ನಡೆದರೆ ಊರು. 1966ರ ಅಕ್ಟೋಬರ್ 21, ಶುಕ್ರವಾರ, ಶಾಲೆಯ ನಡು ಅವಧಿಯ ರಜೆಗೆ ಮುಂಚಿನ ಕೊನೆಯ ದಿನ. ಬೆಳಿಗ್ಗೆ 9.15ರ ಹೊತ್ತಿಗೆ ಗುಡ್ಡದ ಮೇಲೆ ಗಣಿಯ ತ್ಯಾಜ್ಯ ಸುರಿದಿದ್ದ 7ನೇ ನಂಬರ್ ದಿಬ್ಬ ಜಾರಿ ಪ್ಯಾಂಟ್‌ಗ್ಲಾಸ್ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ಒರತೆಗಳಿದ್ದ ಜಾಗದ ಮೇಲೆ ದಿಬ್ಬ ಕಟ್ಟಿದ್ದರು. ಶಾಲೆಯ ಹಿಂದೆ ಅಪಾಯವಿದೆ ಅಂತ 1963ರಲ್ಲೇ ಸ್ಥಳೀಯ ಕೌನ್ಸಿಲ್‌ನವರು ಪತ್ರ ಬರೆದಿದ್ದರು. 1967ರ ವಿಚಾರಣಾ ವರದಿ ತಪ್ಪು ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯದು ಎಂದು ಸ್ಪಷ್ಟವಾಗಿ ಹೇಳಿತು. ಯಾರ ಮೇಲೂ ಮೊಕದ್ದಮೆ ಆಗಲಿಲ್ಲ. ಅದರ ಮೇಲೆ, ಉಳಿದ ದಿಬ್ಬಗಳನ್ನು ತೆಗೆಯುವ ಖರ್ಚಿಗೆ ಅಂತ ಜನ ಕೊಟ್ಟ ಪರಿಹಾರ ನಿಧಿಯಿಂದಲೇ 1,50,000 ಪೌಂಡ್ ಕಿತ್ತುಕೊಂಡರು. ಅದನ್ನು ಹಿಂದಿರುಗಿಸಿದ್ದು 1997ರಲ್ಲಿ, ಬಡ್ಡಿಯಿಲ್ಲದೆ. ಮಕ್ಕಳನ್ನು ಕಳೆದುಕೊಂಡವರ ದುಡ್ಡು ಅದು. ಇದನ್ನು ಓದಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಶಾಲೆ ಇದ್ದ ಜಾಗದಲ್ಲಿ ಈಗ ಚಿಕ್ಕ ತೋಟ. ಮೇಲೆ ಗುಡ್ಡದ ಬದಿಯ ಸ್ಮಶಾನದಲ್ಲಿ ಮಕ್ಕಳ ಸಮಾಧಿಗಳ ಸಾಲು, ಒಂದೊಂದರ ಮೇಲೂ ಬಿಳಿ ಕಮಾನು. ಅಲ್ಲಿ ಫೋನ್ ತೆಗೆಯಬೇಡಿ. ಒಬ್ಬಿಬ್ಬರಾಗಿ ಹೋಗಿ, ಗುಂಪಾಗಿ ಬೇಡ. ಊರಿನವರನ್ನು ಆ ದಿನದ ಬಗ್ಗೆ ಕೇಳಬೇಡಿ, ಅವರಾಗಿ ಹೇಳಿದರೆ ಕೇಳಿ.

ಕೆಜಿಎಫ್‌ನವರಿಗೆ ಅಲ್ಲಿ ನಿಂತಾಗ ಸೈನೈಡ್ ಗುಡ್ಡಗಳು ನೆನಪಾಗದೆ ಇರುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಆ ಗುಡ್ಡಗಳ ಬುಡದಲ್ಲೇ ನಾವು ಆಡಿದ್ದು. ಗಾಳಿ ಕಾಲದಲ್ಲಿ ಬಟ್ಟೆ ಒಣಗಲು ಹಾಕಿದರೆ ದೂಳು ಕೂರುತ್ತಿತ್ತು, ಅನ್ನದ ತಟ್ಟೆಗೂ ಬೀಳುತ್ತಿತ್ತು. ಅಬರ್‌ವಾನ್ ಆದ ಮೇಲೆ ಬ್ರಿಟನ್‌ನಲ್ಲಿ ತ್ಯಾಜ್ಯ ದಿಬ್ಬಗಳಿಗೆಂದೇ 1969ರಲ್ಲಿ ಕಾನೂನು ಬಂತು. ನಮ್ಮ ಗುಡ್ಡಗಳು ಇನ್ನೂ ಅಲ್ಲೇ ಇವೆ.

ಕ್ಯಾರ್ಡಿಫ್ ಹೊರಗಿನ ಸೇಂಟ್ ಫ್ಯಾಗನ್ಸ್ ಮ್ಯೂಸಿಯಂಗೆ ಒಂದು ಪೂರ್ತಿ ದಿನ ಇಡಿ. 1948ರಿಂದ ಇದೆ. ವೇಲ್ಸ್‌ನ ಬೇರೆ ಬೇರೆ ಕಡೆಯ ಮನೆ, ಶಾಲೆ, ಅಂಗಡಿ, ಚರ್ಚುಗಳನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಮರುಕಟ್ಟಿದ್ದಾರೆ. ಎಲ್ಲ ನೋಡಲು ಹೋದರೆ ಕಾಲು ಬೀಳುತ್ತದೆ, ಏನೂ ಉಳಿಯುವುದಿಲ್ಲ. ಮರ್ಥರ್‌ನಿಂದ ತಂದ ರಿಡ್-ಎ-ಕಾರ್ ಸಾಲು ಮನೆಗಳಿಗೆ ಮೊದಲು ಹೋಗಿ. ಒಂದೇ ಅಳತೆಯ ಆರು ಮನೆ, ಒಳಗೆ ಆರು ಕಾಲ: 1805, 1855, 1895, 1925, 1955, 1985. ಒಂದರಿಂದ ಇನ್ನೊಂದಕ್ಕೆ ಹೋಗುತ್ತಾ ಒಲೆ ಬದಲಾಗುತ್ತದೆ, ದೀಪ ಬದಲಾಗುತ್ತದೆ, ಗೋಡೆಯ ಕಾಗದ ಬದಲಾಗುತ್ತದೆ, ಕೊನೆಗೆ ಟೀವಿ ಬರುತ್ತದೆ. ಜಾಗ ಮಾತ್ರ ಅಷ್ಟೇ. ನಾನಿದ್ದಾಗ 1955ರ ಮನೆಯಲ್ಲಿ ಒಬ್ಬ ತಾತ ಮೊಮ್ಮಗಳಿಗೆ ತಮ್ಮ ಅಮ್ಮ ಎಲ್ಲಿ ನಿಂತು ಬಟ್ಟೆ ಹಿಂಡುತ್ತಿದ್ದರು ಅಂತ ಕೈ ಮಾಡಿ ತೋರಿಸುತ್ತಿದ್ದರು. ಮ್ಯೂಸಿಯಂನವರ ವಿವರಣೆಗಿಂತ ನನಗೆ ಅದೇ ಜಾಸ್ತಿ ತಿಳಿಸಿತು.

ಓಕ್‌ಡೇಲ್‌ನಿಂದ ತಂದ ಕಾರ್ಮಿಕರ ಇನ್‌ಸ್ಟಿಟ್ಯೂಟ್ ಕಟ್ಟಡವನ್ನೂ ನೋಡಿ. 1917ರದ್ದು. ಗಣಿಯವರ ಸಂಬಳದಲ್ಲಿ ಹಿಡಿದ ಕಾಸಿನಿಂದ ನಡೆಯುತ್ತಿದ್ದ ಲೈಬ್ರರಿ, ಓದುವ ಕೋಣೆ, ಸಭಾಂಗಣ. ನಮ್ಮೂರಿನ ಕೆಜಿಎಫ್ ಕ್ಲಬ್ ಬಿಳಿಯ ಅಧಿಕಾರಿಗಳಿಗೆ ಕಟ್ಟಿದ್ದು, ಅಪ್ಪನಂಥವರು ಬೇಲಿಯಾಚೆ. ಇಲ್ಲಿ ಕಾರ್ಮಿಕರೇ ಕಟ್ಟಿಸಿಕೊಂಡ ಓದುವ ಕೋಣೆಯಲ್ಲಿ ನಾನು ಬಹಳ ಹೊತ್ತು ಕೂತೆ.

ಮ್ಯೂಸಿಯಂನವರ ಸಂಗ್ರಹದಲ್ಲಿ ಒಂದು ಮರದ ತುಂಡಿದೆ, ಮೇಲೆ ಡಬ್ಲ್ಯು ಎನ್ ಎಂಬ ಎರಡು ಅಕ್ಷರ, ವೆಲ್ಷ್ ನಾಟ್, ಅಂದರೆ ವೆಲ್ಷ್ ಕೂಡದು ಅಂತ. 19ನೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಇದನ್ನು ಹಾಕುತ್ತಿದ್ದರು. ಆ ಮಗು ಇನ್ನೊಬ್ಬರು ವೆಲ್ಷ್ ಆಡಿದ್ದನ್ನು ಹಿಡಿದುಕೊಟ್ಟರೆ ತುಂಡು ಅವರ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಇರುತ್ತದೋ ಅವರಿಗೆ ಏಟು. ಕನ್ನಡ ಮಾತಾಡಿದ್ದಕ್ಕೆ ಶಾಲೆಯಲ್ಲಿ ದಂಡ ಕಟ್ಟಿದವರು ನಮ್ಮಲ್ಲೂ ಇದ್ದಾರೆ, ಅವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಈಗ ವೇಲ್ಸ್‌ನ ಎಲ್ಲ ಸರ್ಕಾರಿ ಶಾಲೆಗಳಲ್ಲೂ ವೆಲ್ಷ್ ಕಲಿಸುತ್ತಾರೆ. ಮ್ಯೂಸಿಯಂನ ಮೈಸ್ಟಿರ್ ಶಾಲೆಯ ಹಳೇ ಬೆಂಚುಗಳ ಮೇಲೆ ಮಕ್ಕಳು ಗಟ್ಟಿಯಾಗಿ ವೆಲ್ಷ್ ಆಡುತ್ತಾ ಕೂತಿದ್ದರು, ಟೀಚರೂ ಅದರಲ್ಲೇ ಗದರುತ್ತಿದ್ದರು. ಶಾಲಾ ಗುಂಪುಗಳು ಬೆಳಿಗ್ಗೆ ತುಂಬಿರುತ್ತವೆ, ಗಲಾಟೆ ಆಗದವರು ಮಧ್ಯಾಹ್ನ ಎರಡರ ಮೇಲೆ ಹೋಗಿ. ಒಳಗಿನ ಹಳೇ ಬೇಕರಿಯ ಬ್ರೆಡ್ ಅಷ್ಟು ಹೊತ್ತಿಗೆ ಮುಗಿದಿರುತ್ತದೆ, ಅದನ್ನು ಬಂದ ಕೂಡಲೇ ತಗೊಳ್ಳಿ.

ಇಂಗ್ಲೆಂಡ್ ಕಡೆ ನಾನು ನೋಡಿದ್ದು ಒಂದೇ, ಡಡ್ಲಿಯ ಬ್ಲ್ಯಾಕ್ ಕಂಟ್ರಿ ಲಿವಿಂಗ್ ಮ್ಯೂಸಿಯಂ. ಬರ್ಮಿಂಗ್‌ಹ್ಯಾಮ್‌ನಿಂದ ಟಿಪ್ಟನ್‌ಗೆ ರೈಲು, ಆಮೇಲೆ ಒಂದು ಮೈಲಿ ನಡಿಗೆ. ಪ್ರಸಿದ್ಧ ಟೀವಿ ಸರಣಿಯೊಂದರ ಚಿತ್ರೀಕರಣ ಇಲ್ಲಿ ಆದ ಕಾರಣ ವಾರಾಂತ್ಯದಲ್ಲಿ ಟೋಪಿ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವವರ ನೂಕುನುಗ್ಗಲು, ನನಗೆ ತಲೆನೋವು ಬಂತು. ಆದರೆ ಸರಪಳಿ ಮಾಡುವ ಕುಲುಮೆ ಮಾತ್ರ ಬಿಡಬೇಡಿ. ಹೆಂಗಸರು ಹಿತ್ತಲಿನ ಕುಲುಮೆಯಲ್ಲಿ ಸುತ್ತಿಗೆ ಹೊಡೆಯುತ್ತಾ, ಕೂಸುಗಳನ್ನು ಅಲ್ಲೇ ಪಕ್ಕದಲ್ಲಿ ಮಲಗಿಸಿಕೊಂಡು ದುಡಿದ ಊರು ಇದು. 1910ರಲ್ಲಿ ಕ್ರ್ಯಾಡ್ಲಿ ಹೀತ್‌ನ ಸರಪಳಿ ಹೆಂಗಸರು ಮೇರಿ ಮ್ಯಾಕಾರ್ಥರ್ ಮುಂದಾಳತ್ವದಲ್ಲಿ ಕನಿಷ್ಠ ಕೂಲಿಗಾಗಿ ಮುಷ್ಕರ ಹೂಡಿ ಗೆದ್ದರು. ಮುಷ್ಕರ ನಿಧಿಯಲ್ಲಿ ಉಳಿದ ಹಣದಿಂದ ಕಟ್ಟಿಸಿದ ಕಟ್ಟಡವೂ ಈಗ ಮ್ಯೂಸಿಯಂ ಒಳಗೇ ಇದೆ. ಅಲ್ಲಿ ಜನ ಕಡಿಮೆ, ಸಮಾಧಾನವಾಗಿ ನೋಡಬಹುದು.

ಶಾಕಾಹಾರಿಗಳಿಗೆ ದೊಡ್ಡ ಎಚ್ಚರಿಕೆ ಇಲ್ಲಿಯೇ. ಆ ಮ್ಯೂಸಿಯಂ ಒಳಗಿನ ಹಳೇ ಕಾಲದ ಅಂಗಡಿಯಲ್ಲಿ ಚಿಪ್ಸ್ ಕರಿಯುವುದು ದನದ ಕೊಬ್ಬಿನಲ್ಲಿ. ಮುಚ್ಚಿಟ್ಟಿಲ್ಲ, ಅದೇ ಅವರ ಹೆಗ್ಗಳಿಕೆ. ಆದರೆ ಆಲೂಗಡ್ಡೆ ತಾನೇ ಅಂತ ಸಾಲಿನಲ್ಲಿ ನಿಂತ ನಮ್ಮವರನ್ನು ನಾನು ಅಲ್ಲಿ ಕಂಡೆ, ಹೇಳಿದ ಮೇಲೆ ಅವರು ಹೊರಗೆ ಬಂದರು. ಉತ್ತರ ಇಂಗ್ಲೆಂಡ್, ಮಿಡ್ಲೆಂಡ್ಸ್ ಕಡೆ ಹಲವು ಚಿಪ್ಸ್ ಅಂಗಡಿಗಳಲ್ಲಿ ಹೀಗೇ. ಕೌಂಟರಿನಲ್ಲಿ ಯಾವ ಎಣ್ಣೆ ಅಂತ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ವೇಲ್ಸ್‌ನಲ್ಲಿ ಗ್ಲಾಮೋರ್ಗನ್ ಸಾಸೇಜ್ ಅಂತ ಮೆನುವಿನಲ್ಲಿ ಕಂಡರೆ ಹೆಸರು ನೋಡಿ ಬಿಡಬೇಡಿ. ಅದರಲ್ಲಿ ಮಾಂಸ ಇಲ್ಲ. ಚೀಸು, ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು, ಬ್ರೆಡ್ ಪುಡಿ ಕಲಸಿ ಹುರಿಯುತ್ತಾರೆ. ಬಿಸಿ ಇರುವಾಗಲೇ ತಿನ್ನಿ.